ಹೊಲಿಗೆಗೆ ಬಂದ ಹಾಳೆಗಳು

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ,
ಆಲೂಗಡ್ಡೆ ಮಂಡಿಗೂ ಸೈಕಲ್ ರಿಪೇರಿಗೂ ನಡುವೆ
ನನ್ನ ಬೈಂಡಿಂಗ್ ಅಂಗಡಿ.
ಸಂತೆಯ ದಿನ ಲೂರ್ದಮ್ಮ ಬಂದಳು,
ಗೊಬ್ಬರದ ಚೀಲ ಸುತ್ತಿದ ಕಟ್ಟೊಂದನ್ನು
ಮೇಜಿನ ಮೇಲೆ ಎಳೆಗೂಸಿನಂತೆ ಮಲಗಿಸಿದಳು.
"ಮಾವನವರದು. ಚೌರಪ್ಪ ಉಪದೇಶಿಗಳದು.
ದಾರ ಹೋಗಿದೆ. ಹೊಲಿದುಕೊಡಿ."

ದಾರವಷ್ಟೇ ಹೋಗಿರಲಿಲ್ಲ.
ಹೇಮಾವತಿ ಊರೊಳಗೆ ಬಂದ ವರ್ಷ
ಅಟ್ಟದಿಂದ ಇಳಿಸಿದ್ದಂತೆ. ಅಂಚಿಗೆಲ್ಲ ಕಂದು ಅಲೆ,
ಗೆದ್ದಲು ತಿಂದ ಕಡೆ ಬೆಳಕು.
ಪುಟಸಂಖ್ಯೆ ಒಂದಕ್ಕೂ ಇಲ್ಲ.
ಯಾವುದು ಮೊದಲು ಎಂದು ಕೇಳಿದೆ.
"ನನಗೆಲ್ಲಿ ಓದು? ನೀವೇ ನೋಡಿ"
ಎಂದವಳು ಮಂಡಿಯ ಕಡೆ ನಡೆದಳು.

ತಾಲ್ಲೂಕು ಕಚೇರಿಯ ಖಾತೆಗಳನ್ನು ಹೊಲಿದ ನಮ್ಮಪ್ಪ
"ಓದುತ್ತ ಕೂತರೆ ಅಂಟು ಒಣಗುತ್ತೆ ಕಣೋ" ಅನ್ನುತ್ತಿದ್ದ.
ಮೂರು ರಾತ್ರಿ ಓದಿದೆ.
ಅಂಟು ಒಣಗಿತು.

ಉಪದೇಶಿಯ ಅಕ್ಷರ ರಾಗಿ ಪೈರು,
ಒತ್ತೊತ್ತಾಗಿ, ಗಾಳಿ ಬಂದ ಕಡೆ ಬಾಗಿ.
ಯಾವ ಪಾದ್ರಿಯ ಬಾಯಿಂದ ಕೇಳಿ ಬರೆದುಕೊಂಡನೋ:
ಮೊದಲು ಬಂದದ್ದು ಕತೆಯಲ್ಲ, ಕಾಗದ.
ಚಿನ್ನಪ್ಪನವರು ಊರೂರಿಗೆ ಹಾಕಿದ ಕಾಗದ.
ಜಗಳ ಬಿಡಿಸಲು, ಕಾಣಿಕೆ ಕೂಡಿಸಲು,
ಬರುತ್ತೇನೆ, ಕಾದಿರಿ, ಅನ್ನಲು.
ತಾನು ಶಾಸ್ತ್ರ ಬರೆಯುತ್ತಿದ್ದೇನೆಂದು
ಅವರಿಗೆ ಗೊತ್ತಿರಲಿಲ್ಲ.
ಪಕ್ಕದಲ್ಲಿ ಸಣ್ಣಗೆ:
ಚಿನ್ನ ಅಂದರೆ ತಮಿಳಿನಲ್ಲಿ ಚಿಕ್ಕದು, ನಮ್ಮಲ್ಲಿ ಬಂಗಾರ.
ಎರಡೂ ಇರಲಿ.

ಇನ್ನೊಂದು ಹಾಳೆ.
ಅದಕ್ಕೂ ಮೊದಲು ಬರೀ ಬಾಯಿ.
ದೋಣಿ, ಬಾವಿಕಟ್ಟೆ, ಹಿಟ್ಟು ನಾದುವ ಕೈ.
ಕತೆ ಹಾಳೆಗಿಳಿಯಲು ಮೂವತ್ತು ನಲವತ್ತು ವರ್ಷ.
ಅವನಾಡಿದ್ದು ಮನೆಮಾತು,
ಬರೆದದ್ದು ದೂರದ ಪೇಟೆಯ ಮಾತಲ್ಲಿ.
ಹುಡುಗಿಯೊಬ್ಬಳನ್ನು ಎಬ್ಬಿಸಿದ ಎರಡೇ ಎರಡು ನುಡಿ
ಹೇಗಿತ್ತೋ ಹಾಗೇ ಬಿಟ್ಟಿದ್ದಾರೆ. ಯಾಕೆ?
ಉತ್ತರವಿಲ್ಲ. ಅಲ್ಲಿ ಲಾಟೀನಿನ ಎಣ್ಣೆ ಕಲೆ.

ಒಂದು ಕಡೆ ನನ್ನೆದೆಯೂ ಹಿಗ್ಗಿತು:
ಆ ಕಾಲಕ್ಕೆ ದೊಡ್ಡವರ ಗ್ರಂಥವೆಲ್ಲ ಚಾಪೆಯಂತೆ ಸುರುಳಿ.
ಇವರೋ ಲೆಕ್ಕದ ಪುಸ್ತಕದ ಹಾಗೆ
ಹಾಳೆ ಮಡಚಿದರು, ಬೆನ್ನಿಗೆ ಸೂಜಿ ಹಾಕಿದರು.
ಅಂದರೆ ನನ್ನ ಕಸುಬಿನವನೊಬ್ಬ ಅಲ್ಲಿದ್ದ!
ಅವನ ಹೆಸರು ಎಲ್ಲೂ ಇಲ್ಲ.
ಬರೆದವರದೂ ಆಮೇಲೆ ಅಂಟಿಸಿದ್ದಂತೆ,
ರಟ್ಟಿಗೆ ಚೀಟಿ ಅಂಟಿಸಿದ ಹಾಗೆ.

ಕೊನೆಯ ಹಾಳೆಯ ಹತ್ತಿರ ಸಿಕ್ಕಿಕೊಂಡೆ.
ಎಲ್ಲರಿಗಿಂತ ಮೊದಲು ಬರೆದವನ ಕತೆ
ಹೀಗೆ ನಿಂತಿತಂತೆ:
ಬೆಳಗಿನ ಜಾವ. ಗೋರಿ ಖಾಲಿ. ಮೂವರು ಹೆಂಗಸರು
ನಡುಗುತ್ತ ಓಡಿದರು, ಹೆದರಿ ಬಾಯಿ ಬಿಡಲಿಲ್ಲ.
ಅಷ್ಟೇ.
ಹಾಳೆ ಹರಿದಿತ್ತೋ, ಬೇಕೆಂದೇ ನಿಲ್ಲಿಸಿದನೋ.
ಹಿಂದಿನಿಂದ ಬಂದ ಕೈಗಳು ಸುಮ್ಮನಿರಲಾರದೆ
ಬಾಲ ಸೇರಿಸಿದವು.
ಇಲ್ಲೂ, ಚೌರಪ್ಪನ ಪೈರು ಮುಗಿದ ಬದುವಿನಲ್ಲಿ
ನೇರಳೆ ಪೆನ್ಸಿಲ್ಲು, ಬೇರೆ ಕೈ, ತಪ್ಪು ಕಾಗುಣಿತ:
ಹೇಳದಿದ್ರೆ ನಮಿಗೆಂಗೆ ಗೊತ್ತಾಯ್ತು

ಮುಂದಿನ ಸಂತೆಗೆ ಓದಿ ಹೇಳಿದೆ. ಲೂರ್ದಮ್ಮ ನಕ್ಕಳು.
"ನಮ್ಮತ್ತೆ! ಮರಿತಾಯಮ್ಮ.
ರಾತ್ರಿ ಶಾಲೇಲಿ ಮೂರು ತಿಂಗಳು ಕಲಿತಿದ್ದು,
ಅಷ್ಟೊತ್ತಿಗೆ ನೀರು ಬಂತು.
ಮಾವ ಮನೆಗೊಂಥರ ಹೇಳೋರು.
ಸಾಸಿವೆ ಅನ್ನೋ ಕಡೆ ಇಲ್ಲಿ ರಾಗಿಕಾಳು,
ಅಲ್ಲಿ ಆಲೂಗಡ್ಡೆ ಕಣ್ಣು.
ಅತ್ತೆ ಬಾಗಿಲ ಹಿಂದಿಂದ ತಿದ್ದೋಳು."
ಹಾಗಾದರೆ ಯಾವುದು ನಿಜ? ಅಂದೆ.
ಸೆರಗಿನಿಂದ ಎಣ್ಣೆ ಕಲೆ ಒರೆಸಿದಳು, ಹೋಗುವ ಕಲೆಯೇ ಅದು?
"ಜ್ವರದಲ್ಲಿ ಬಿದ್ದಾಗ ಅತ್ತೆ ನನ್ನ ಎಬ್ಬಿಸ್ತಿದ್ದದ್ದು,
ಏಳವ್ವ, ಏಳು ಕೂಸೇ, ಅಂತ.
ಅದನ್ನ ಬೇರೆ ಮಾತಲ್ಲಿ ಹೆಂಗೆ ಹೇಳ್ತೀರಾ?"

ಕಾಗದಗಳನ್ನು ಮೊದಲಿಟ್ಟೆ, ಕತೆಯನ್ನು ಆಮೇಲೆ.
ರಟ್ಟಿನ ಮುಂಚೆ ಒಂದು ಖಾಲಿ ಹಾಳೆ ನಮ್ಮ ರೂಢಿ.
ಎರಡು ಹಾಕಿದೆ.
ಲೆಕ್ಕ ಹೇಳಿದಾಗ ಅವಳು ಹುಬ್ಬೇರಿಸಿದಳು:
"ಬರೆಯದ ಹಾಳೆಗೂ ದುಡ್ಡಾ?"

ಅರ್ಧ ತಗೊಂಡೆ.